ಹಿಟ್ಟಿನ ಪೆಟ್ಟಿಗೆ

ಅಹಮದಾಬಾದಿನ ಸ್ಯಾಟಲೈಟ್ ಎಂಬ ಬಡಾವಣೆಯಲ್ಲಿ ನಮ್ಮದು ಎರಡನೇ ಮಹಡಿಯ ಫ್ಲ್ಯಾಟು. ಹಾಲ್‌ನ ಗೋಡೆಯಲ್ಲಿ ಭೂಕಂಪ ಬಿಟ್ಟುಹೋದ ಒಂದು ಬಿರುಕಿತ್ತು. ಟ್ಯೂಬ್‌ಲೈಟಿನ ಮೂಲೆಯಿಂದ ಹೊರಟು ಕ್ಯಾಲೆಂಡರಿನ ಹಿಂದೆ ಮರೆಯಾಗುತ್ತಿತ್ತು. ಪ್ರತಿ ತಿಂಗಳ ಮೊದಲ ದಿನ ಅದರ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯುವುದು ನಾನೇ ವಹಿಸಿಕೊಂಡ ಕೆಲಸ. ಹದಿನಾಲ್ಕು ಗೆರೆಗಳೂ ಒಂದರ ಮೇಲೊಂದು ಕೂತವು, ಬಿರುಕು ಬೆಳೆಯಲಿಲ್ಲ. ಆ ಮನೆಯಲ್ಲಿ ನಾವು ನಾಲ್ಕು ಜನ. ಅಪ್ಪ ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇಂಜಿನಿಯರು. ಉಪಗ್ರಹದೊಳಗೆ ಕೂರುವ ಉಪಕರಣಗಳು ಅತಿಯಾಗಿ ಕಾಯದಂತೆ, ಅತಿಯಾಗಿ ತಣಿಯದಂತೆ ನೋಡಿಕೊಳ್ಳುವ ಸರ್ಕಿಟ್ಟುಗಳನ್ನು ಬರೆಯುವುದು ಅವರ ಕೆಲಸ. ಅಮ್ಮ ಅರಸೀಕೆರೆಯಿಂದ ಮದುವೆಯಾಗಿ ನೇರ ಅಲ್ಲಿಗೆ ಬಂದವಳು. ಅಜ್ಜಿ ಅಪ್ಪನ ತಾಯಿ. ನಾನು ಆಗ ಎಂಟನೇ ಕ್ಲಾಸು. ಶಾಲೆಯಲ್ಲಿ ಇಂಗ್ಲಿಷು, ಕೆಳಗೆ ಆಟಕ್ಕಿಳಿದರೆ ಗುಜರಾತಿ, ಬಾಗಿಲ ಒಳಗೆ ಕನ್ನಡ. ಕನ್ನಡದ ಅಕ್ಷರ ಕಲಿಸಿದ್ದು ಅಜ್ಜಿ, ಒಂದು ಷರತ್ತಿನ ಮೇಲೆ: ನಾನು ಸದಾ ಬರೆಯುತ್ತಿದ್ದ ಎಣಿಕೆ ಪುಸ್ತಕ ಅವರಿಗೂ ಓದಲು ಬರುವಂತಿರಬೇಕು. ಹಾಗಾಗಿ ಅದರ ತಲೆಬರಹಗಳೆಲ್ಲ ಕನ್ನಡದಲ್ಲಿವೆ. ಕುಕ್ಕರು ಎಷ್ಟು ಸಲ ಕೂಗಿತು, ಕರೆಂಟು ಎಷ್ಟು ನಿಮಿಷ ಹೋಯಿತು, ಅಮ್ಮ ಮತ್ತು ಅಜ್ಜಿ ಮಾತು ಬಿಟ್ಟು ಎಷ್ಟು ದಿನವಾಯಿತು (ಅತಿ ಹೆಚ್ಚು, ಮೂರೂವರೆ). ಪುಸ್ತಕ ಈಗಲೂ ನನ್ನ ಬಳಿ ಇದೆ. ಮುಂದೆ ಬರುವ ಅಂಕಿಗಳೆಲ್ಲ ಅದರಿಂದಲೇ ಎತ್ತಿದವು.

ಅಡುಗೆಮನೆಯ ಹಿಂದೆ, ಪಾತ್ರೆ ತೊಳೆಯುವ ಚೋಕ್ಡಿಯ ಪಕ್ಕಕ್ಕೆ ಒಂದು ಸಣ್ಣ ಬಾಲ್ಕನಿ. ಅದಕ್ಕೆ ಗಾಜು ಹಾಕಿಸಿ ಅಪ್ಪ ತಮ್ಮ ಮೇಜು ಇಟ್ಟುಕೊಂಡಿದ್ದರು. ಅಮ್ಮನ ಒಗ್ಗರಣೆಯ ಹೊಗೆ, ಅಪ್ಪನ ಬೆಸುಗೆಯ ಹೊಗೆ ಎರಡೂ ಒಂದೇ ಕಿಟಕಿಯಿಂದ ಹೊರಗೆ ಹೋಗಬೇಕಿತ್ತು. ಯಾರ ಹೊಗೆ ಯಾರ ಕಡೆ ಬಂತು ಎಂಬುದು ನಮ್ಮ ಮನೆಯ ನಿತ್ಯದ ಜಗಳ. ಆ ವರ್ಷದ ಚಳಿಗಾಲದಲ್ಲಿ ಅಪ್ಪ ಮೊದಲ ಬಾರಿಗೆ ನನ್ನನ್ನು ಆ ಮೇಜಿಗೆ ಸೇರಿಸಿಕೊಂಡರು. ಸೋಲ್ಡರಿಂಗ್ ಐರನ್ ಹಿಡಿಯುವುದು, ತಂತಿಯ ಸಿಪ್ಪೆ ಸುಲಿಯುವುದು, ಬೆಸುಗೆ ಹೊಳೆಯುವ ಹಾಗೆ ಕೂರಿಸುವುದು, ಮೂರನ್ನೂ ಕಲಿಸಿದರು. ಜೊತೆಗೆ ತಮ್ಮ ಆಫೀಸಿನ ಪದ್ಧತಿಯನ್ನೂ ತಂದರು. ಅಲ್ಲಿ ಸರ್ಕಿಟ್ಟಿನ ಚಿತ್ರ ಬರೆಯುವವರು ಬೇರೆ, ಅದನ್ನು ನೋಡಿ ತಂತಿ ಹಾಕುವವರು ಬೇರೆ.

"ಚಿತ್ರ ನನ್ನದು, ತಂತಿ ನಿನ್ನದು. ಚಿತ್ರದಲ್ಲಿ ಹೇಗಿದೆಯೋ ಹಾಗೇ ಹಾಕು. ತಂತಿ ಹಾಕೋವಾಗ ಯೋಚನೆ ಮಾಡೋಕೆ ಹೋಗ್ಬಾರದು, ವಸು."

ನಾನು ಯೋಚನೆ ಮಾಡಲು ಹೋಗಲಿಲ್ಲ. ಹದಿಮೂರು ವರ್ಷದ ನನಗೆ ಆ ಮೇಜಿನ ಎರಡನೇ ಸ್ಟೂಲು ಸಿಕ್ಕಿದ್ದೇ ದೊಡ್ಡದು. ಆ ಸ್ಟೂಲು ಕಳೆದುಕೊಳ್ಳುವಂಥದ್ದು ಏನನ್ನೂ ಮಾಡಬಾರದು ಎಂದು ಪುಸ್ತಕದ ಒಳರಟ್ಟಿನಲ್ಲಿ ಬರೆದುಕೊಂಡಿದ್ದೆ.

ಕೆಲಸ ಶುರುವಾದದ್ದು ಇಡ್ಲಿಯಿಂದ. ಅಹಮದಾಬಾದಿನ ಜನವರಿಯಲ್ಲಿ ಬೆಳಗಿನ ಜಾವ ಅಡುಗೆಮನೆಯ ನೆಲ ಕಾಲಿಗೆ ಕಚ್ಚುತ್ತದೆ. ಸಂಜೆ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ಇಟ್ಟ ಹಾಗೇ ಕೂತಿರುತ್ತಿತ್ತು, ಒಂದು ಗುಳ್ಳೆಯೂ ಇಲ್ಲದೆ. ಅಜ್ಜಿ ಪಾತ್ರೆಗೆ ಕಂಬಳಿ ಸುತ್ತಿದರು, ಅಕ್ಕಿ ಡಬ್ಬದೊಳಗೆ ಹೂತಿಟ್ಟರು, ಒಮ್ಮೆ ತಮ್ಮ ಹಾಸಿಗೆಯ ಕಾಲ ಬುಡದಲ್ಲೇ ಮಲಗಿಸಿಕೊಂಡರು. ಎದುರು ಮನೆಯ ಕೋಕಿಲಾಬೇನ್ ಢೋಕ್ಲಾ ಮಾಡುವವರು. ಅವರದು ಒಂದೇ ಸಲಹೆ.

"ಥೋಡೋ ಸೋಡಾ ನಾಖೋ ನೆ, ಬೇನ್."

ಸ್ವಲ್ಪ ಸೋಡಾ ಹಾಕಿಬಿಡಿ ಎನ್ನುವ ಈ ಮಾತು ಅಮ್ಮನಿಗೆ ಬೈಗುಳದ ಸಮ. ಉತ್ತರಾಯಣದ ದಿನ, ಅಂದರೆ ನಮ್ಮ ಸಂಕ್ರಾಂತಿಯ ದಿನ, ಕಟ್ಟಡದವರೆಲ್ಲ ತಾರಸಿಯ ಮೇಲೆ ಗಾಳಿಪಟ ಹಾರಿಸಲು ಸೇರುವುದು, ಒಂದೊಂದು ಮನೆಯಿಂದ ಒಂದೊಂದು ತಿಂಡಿ ಬರುವುದು ಅಲ್ಲಿನ ರೂಢಿ. ನಮ್ಮ ಮನೆಯ ಪಾಲಿಗೆ ಇಡ್ಲಿ ಚಟ್ನಿ. ಹಿಂದಿನ ವರ್ಷ ಸೋಡಾ ಹಾಕದ, ಉಬ್ಬದ ಹಿಟ್ಟಿನಿಂದ ಅಮ್ಮ ಎಂಬತ್ತು ಇಡ್ಲಿ ಮಾಡಿ ಒಯ್ದಿದ್ದಳು. ಕೋಕಿಲಾಬೇನರ ಯಜಮಾನರು ಹರ್ಷದ್‌ಭಾಯಿ ಒಂದನ್ನು ಎತ್ತಿ, ತೂಗಿ ನೋಡಿ, ಕೆಳಗಿಟ್ಟಿದ್ದ ಗಾಳಿಪಟಗಳ ಕಟ್ಟಿನ ಮೇಲೆ ಮೆಲ್ಲಗೆ ಇಟ್ಟು, "ಭಾಭಿ, ಇನ್ನು ಇವು ಗಾಳಿಗೆ ಹಾರಲ್ಲ" ಎಂದಿದ್ದರು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು. ಮನೆಗೆ ಬಂದು ಉಳಿದ ಅರವತ್ತೊಂದು ಇಡ್ಲಿಯನ್ನು ಪುಡಿ ಮಾಡಿ ಉಪ್ಪಿಟ್ಟು ಮಾಡಿದಳು. ಎರಡು ದಿನ ಅದನ್ನೇ ತಿಂದೆವು.

ಈ ಸಲ ಅಪ್ಪ ತಾವೇ ಎದ್ದರು. ಮೆಡಿಕಲ್ ಅಂಗಡಿಯಿಂದ ಲಸಿಕೆಗಳು ಬರುವ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ಕೇಳಿ ತಂದರು. ಒಳಗೆ ಹಿಟ್ಟಿನ ಪಾತ್ರೆ, ಪಕ್ಕಕ್ಕೆ ನಲವತ್ತು ವ್ಯಾಟಿನ ಬಲ್ಬು. ಪೆಟ್ಟಿಗೆಯೊಳಗಿನ ಶಾಖ ಮೂವತ್ತು ಡಿಗ್ರಿಗೆ ನಿಲ್ಲಬೇಕು. ತಣ್ಣಗಾದರೆ ಬಲ್ಬು ತಾನೇ ಹತ್ತಬೇಕು, ಬಿಸಿಯಾದರೆ ತಾನೇ ಆರಬೇಕು. ಬಿಸಿ ಗುರುತಿಸಲು ಹಳೇ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ತಂದ, ಮೆಣಸಿನ ಕಾಳಿನಷ್ಟು ದಪ್ಪದ ಒಂದು ಮಣಿ. ತೀರ್ಮಾನ ಕೊಡಲು ಆಪ್-ಆಂಪ್ ಎನ್ನುವ ಎಂಟು ಕಾಲಿನ ಕರಿ ಚಿಪ್ಪು. ಅಪ್ಪ ಅದನ್ನು ನನ್ನ ಅಂಗೈಯಲ್ಲಿಟ್ಟು ಹೇಳಿದ್ದು ಪುಸ್ತಕದಲ್ಲಿದೆ.

"ಇದಕ್ಕೆ ಎರಡು ಕಿವಿ. ಒಂದು ಪ್ಲಸ್ಸು, ಒಂದು ಮೈನಸ್ಸು. ಎರಡು ಕಿವಿಗೂ ಬಿದ್ದದ್ದರಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಲಕ್ಷ ಪಟ್ಟು ದೊಡ್ಡದು ಮಾಡಿ ಹೇಳುತ್ತೆ."

"ಅಜ್ಜಿ ಥರ."

"ನನಗೆ ಕಿವಿ ಚೆನ್ನಾಗೇ ಕೇಳುತ್ತೆ ಕಣೇ," ಎಂದು ಹಾಲ್‌ನಿಂದ ಅಜ್ಜಿ.

ಆಗ ಅಡುಗೆಮನೆಯಲ್ಲಿ ಅಮ್ಮ ಫೋನಿನಲ್ಲಿ ಮಾತಾಡುತ್ತಲೇ ಮಿಕ್ಸಿ ಹಾಕಿದಳು. ಅಜ್ಜಿ ಟಿವಿಯ ಸದ್ದು ಹೆಚ್ಚಿಸಿದರು. ಟಿವಿಯ ಸದ್ದಿಗೆ ಅಮ್ಮ ದನಿ ಏರಿಸಿದಳು. ಅಮ್ಮನ ದನಿಗೆ ಅಜ್ಜಿ ಇನ್ನೊಂದೆರಡು ಗೀಟು ಟಿವಿ ಏರಿಸಿದರು. ಅಪ್ಪ ಬೆರಳೆತ್ತಿ ನನಗೆ ಕೇಳಿಸಿಕೊಳ್ಳಲು ಹೇಳಿದರು.

"ನೋಡು, ಇದು ಪಾಸಿಟಿವ್ ಫೀಡ್‌ಬ್ಯಾಕು. ಆದದ್ದನ್ನೇ ತಿರುಗಿ ತಂದು ಅದಕ್ಕೇ ಕುಮ್ಮಕ್ಕು ಕೊಡೋದು. ಏರಿದ್ರೆ ಇನ್ನೂ ಏರುತ್ತೆ, ಮೇಲಿನ ತುದಿಗೆ ಹೋಗಿ ತಗಲಿಕೊಳ್ಳೋ ತನಕ. ಇಳಿಯೋಕೆ ಶುರುವಾದ್ರೆ ಕೆಳಗಿನ ತುದಿಗೆ. ನೆಗೆಟಿವ್ ಅಂದ್ರೆ ಆದದ್ದನ್ನ ತಿರುಗಿ ತಂದು ಅದಕ್ಕೆ ಎದುರು ನಿಲ್ಲೋದು. ಏರಿದ್ರೆ ಇಳಿಸುತ್ತೆ, ಇಳಿದ್ರೆ ಏರಿಸುತ್ತೆ. ನಮ್ಮ ಪೆಟ್ಟಿಗೆಗೆ ಬೇಕಿರೋದು ಅದು."

"ಮತ್ತೆ ಅಮ್ಮ, ಅಜ್ಜಿ?"

"ಅದಕ್ಕೆ ನಾನಿದ್ದೀನಲ್ಲ," ಎಂದು ಅಪ್ಪ ಎದ್ದುಹೋಗಿ ಟಿವಿ ಆರಿಸಿದರು. ಆಮೇಲೆ ಹತ್ತು ನಿಮಿಷ ಇಬ್ಬರ ಕೈಲೂ ಬೈಸಿಕೊಂಡರು.

ಹಬ್ಬಕ್ಕೆ ಐದು ದಿನ ಇದ್ದಾಗ ಶನಿವಾರ ತಂತಿ ಹಾಕಿ ಮುಗಿಸಿದೆ. ಬಲ್ಬಿಗೆ ಹೋಗುವ ಮನೆಯ ಕರೆಂಟಿನ ಭಾಗ ಅಪ್ಪನದು. ಉಳಿದ ಇಪ್ಪತ್ತಮೂರು ಬೆಸುಗೆ ನನ್ನವು. ಸಂಜೆ ಅಮ್ಮ ಒಂದು ಸಣ್ಣ ಪಾತ್ರೆ ಹಿಟ್ಟು ಕೊಟ್ಟಳು. ಸ್ವಿಚ್ ಹಾಕಿದರೆ ಬಲ್ಬು ಹತ್ತಲಿಲ್ಲ. ಶಾಖ ಹೆಚ್ಚು ಕಮ್ಮಿ ಮಾಡುವ ಗುಂಡಿಯೊಂದಿತ್ತು. ಅಪ್ಪ ಅದನ್ನು ತಿರುಗಿಸುತ್ತ ಹೋದರು, ಒಂದು ಕಡೆ ಟಕ್ ಎಂದು ಬಲ್ಬು ಹತ್ತಿತು. "ಸರಿ, ಗುಂಡಿ ಸ್ವಲ್ಪ ಆಚೀಚೆ ಆಗಿತ್ತು" ಎಂದರು. ಎಲ್ಲರಿಗೂ ಸಂತೋಷ. ನಾನು ಥರ್ಮಾಮೀಟರು ತೂರಿಸಿ ಊಟದ ಹೊತ್ತಿನ ತನಕ ಹತ್ತು ನಿಮಿಷಕ್ಕೊಂದು ಸಾಲು ಬರೆದೆ. ಸಮಯ, ಬಿಸಿ, ಬಲ್ಬು. ಹತ್ತೊಂಬತ್ತು, ಇಪ್ಪತ್ತಮೂರು, ಇಪ್ಪತ್ತೆಂಟು, ಮೂವತ್ತೆರಡು, ಮೂವತ್ತಾರು. ಮೂವತ್ತು ದಾಟಿತಲ್ಲ ಎಂದು ಅನ್ನಿಸಿತು. ಕೇಳಲಿಲ್ಲ. ಯೋಚನೆ ಚಿತ್ರ ಬರೆದವರ ಕೆಲಸ.

ಭಾನುವಾರ ಬೆಳಿಗ್ಗೆ ಅಮ್ಮ ಮುಚ್ಚಳ ತೆಗೆದಳು.

"ರೀ, ಬನ್ನಿ ಇಲ್ಲಿ. ಹಿಟ್ಟು ಪಾತ್ರೆಯಲ್ಲೇ ಬೆಂದಿದೆ."

"ಒಲೆ ಹಚ್ಚೋ ಕೆಲಸ ಉಳೀತು ಬಿಡು," ಎಂದರು ಅಜ್ಜಿ.

ಅಂಚಿನಲ್ಲಿ ಹಿಟ್ಟು ಗಟ್ಟಿಯಾಗಿ ಪಾತ್ರೆಗೆ ಹತ್ತಿಕೊಂಡಿತ್ತು. ಬಲ್ಬಿನ ಪಕ್ಕದ ಥರ್ಮೋಕೋಲ್ ಹಳದಿಯಾಗಿ ಒಳಗೆ ಕುಸಿದಿತ್ತು. ಅಪ್ಪ ಬಗ್ಗಿ ನೋಡಿ, ಒಂದು ನಿಮಿಷವೂ ತಡೆಯದೆ ಹೇಳಿದರು.

"ತಂತಿ ಅದಲುಬದಲಾಗಿದೆ. ನೆಗೆಟಿವ್ ಆಗಬೇಕಿದ್ದದ್ದು ಪಾಸಿಟಿವ್ ಆಗಿದೆ."

"ಚಿತ್ರದಲ್ಲಿ ಇದ್ದ ಹಾಗೇ ಹಾಕಿದೀನಿ, ಅಪ್ಪ."

"ಹಾಗಿದ್ರೆ ಹೀಗಾಗ್ತಿರಲಿಲ್ಲ. ಹಬ್ಬಕ್ಕೆ ನಾಲ್ಕೇ ದಿನ ಇದೆ, ಇದನ್ನ ನಾನೇ ನೋಡ್ಕೋತೀನಿ. ನೀನು ಓದ್ಕೋ ಹೋಗು."

ಐರನ್ನನ್ನು ತಂತಿ ಸುತ್ತಿ ಕಬೋರ್ಡಿನ ಮೇಲಿಟ್ಟರು. ಬೈಯಲಿಲ್ಲ, ದನಿಯೂ ಏರಲಿಲ್ಲ. ಬೈದಿದ್ದರೆ ಅತ್ತು ಮರೆತುಬಿಡಬಹುದಿತ್ತು. ಚಿತ್ರದ ಹಾಳೆ ಮೇಜಿನ ಮೇಲೇ ಇತ್ತು. ಅಪ್ಪ ಸ್ನಾನಕ್ಕೆ ಹೋದಾಗ ನಾನು ಹಾಳೆ ಹಿಡಿದು ಒಂದೊಂದೇ ತಂತಿ ಬೆರಳಲ್ಲಿ ಹಿಂಬಾಲಿಸಿ ಸರಿ ಗುರುತು ಹಾಕಿದೆ. ಮೂರು ಸಲ. ಅರವತ್ತೊಂಬತ್ತು ಗುರುತುಗಳೂ ಸರಿಯೇ ಇದ್ದವು. ಹೇಳಿದರೆ ನಂಬುವ ಹೊತ್ತು ಅದಲ್ಲ. ತಿಂಡಿಯಾದ ಮೇಲೆ ಅಪ್ಪ ನನ್ನ ಬೆಸುಗೆಗಳನ್ನೆಲ್ಲ ಕರಗಿಸಿ, ತಂತಿ ಕಿತ್ತು, ತಾವೇ ಹೊಸದಾಗಿ ಹಾಕಿದರು. ನಾನು ಚೋಕ್ಡಿಯ ಕಟ್ಟೆಯ ಮೇಲೆ ಕೂತು ನೋಡಿದೆ. ಅವರ ಇಪ್ಪತ್ತಮೂರು ಬೆಸುಗೆಗಳೂ ನನ್ನವು ಹೋದ ಜಾಗಕ್ಕೇ ಹೋದವು.

ಮಧ್ಯಾಹ್ನ ಹಿಟ್ಟಿನ ಬದಲು ನೀರಿಟ್ಟು ಪರೀಕ್ಷೆ. ಬಲ್ಬು ಹತ್ತಲಿಲ್ಲ. ಗುಂಡಿ ತಿರುಗಿಸಿದರು, ಹತ್ತಿತು. ಕೇಳದೆಯೇ ನಾನು ಸಾಲು ಬರೆಯತೊಡಗಿದೆ. ಮೂವತ್ತು ದಾಟಿತು, ನಲವತ್ತು ದಾಟಿತು. ಅಪ್ಪ ಗುಂಡಿಯನ್ನು ಹಿಂದಕ್ಕೆ ತಿರುಗಿಸಿದರು, ಬಲ್ಬು ಆರಿತು. ಇಳಿಯಿತು, ಇಳಿಯಿತು, ಮೂವತ್ತರ ಕೆಳಗೆ ಬಂತು, ಇಪ್ಪತ್ತೆರಡಕ್ಕೆ ಬಂತು. ಬಲ್ಬು ಮತ್ತೆ ಹತ್ತಲೇ ಇಲ್ಲ. ಅಪ್ಪ ಆಪ್-ಆಂಪ್ ಕೆಟ್ಟಿರಬೇಕೆಂದು ಅದನ್ನು ಬದಲಿಸಿದರು. ಹೊಸದೂ ಹಾಗೇ ಮಾಡಿತು. ಅಜ್ಜಿ ಕನ್ನಡಕ ಏರಿಸಿ ನನ್ನ ಪುಸ್ತಕ ಎಳೆದುಕೊಂಡು, ಬೆರಳಿಟ್ಟು ಕನ್ನಡದ ತಲೆಬರಹ ಓದಿ, ಕೆಳಗಿನ ಸಾಲುಗಳಿಗೆ ಇಳಿದು, ಅಪ್ಪನನ್ನು ಕರೆದರು.

"ಶ್ರೀಕಂಠ, ಇದರಲ್ಲಿ ಬಲ್ಬು ಉರೀತಿದ್ದಾಗೆಲ್ಲ ಏರ್ತಾನೇ ಇದೆ. ಆರಿದಾಗೆಲ್ಲ ಇಳೀತಾನೇ ಇದೆ. ತಾನಾಗಿ ಒಂದ್ಸಲನೂ ತಿರುಗಿಲ್ಲವಲ್ಲೋ. ನೀನು ಕೈ ಹಾಕಿದಾಗ ಮಾತ್ರ."

"ಗೊತ್ತಮ್ಮ. ಅದನ್ನೇ ಹುಡುಕ್ತಿದೀನಿ."

"ನಿನ್ನೆ ಅವಳು ಬರೆದಿರೋದೂ ಹೀಗೇ ಇದೆ, ಇವತ್ತು ನೀನು ಹಾಕಿದ್ದೂ ಹೀಗೇ ಇದೆ."

ಅಪ್ಪ ಪುಸ್ತಕದ ಎರಡೂ ಪುಟಗಳನ್ನು ತಿರುವಿ ನೋಡಿದರು. ನನಗೆ ಅಷ್ಟು ಸಾಕಾಯಿತು. ತಂತಿ ಸರಿ ಇದ್ದು, ಚಿಪ್ಪೂ ಸರಿ ಇದ್ದರೆ ಉಳಿದದ್ದು ಆ ಮಣಿ. ಅದರಂಥದೇ ಇನ್ನೊಂದು ಡಬ್ಬಿಯಲ್ಲಿತ್ತು. ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಇಳಿಸಿ, ಎರಡು ಲೋಟ ತಂದೆ: ಒಂದರಲ್ಲಿ ನಲ್ಲಿಯ ತಣ್ಣೀರು, ಇನ್ನೊಂದರಲ್ಲಿ ಗ್ಯಾಸಿನ ಮೇಲೆ ಕಾಯಿಸಿದ್ದು. ಅಪ್ಪನ ಮೀಟರಿನಲ್ಲಿ ಅದರ ಪ್ರತಿರೋಧ ಓದಿದೆ. ಹದಿನೆಂಟು ಡಿಗ್ರಿಯ ತಣ್ಣೀರಿನಲ್ಲಿ ಹದಿಮೂರು ಸಾವಿರದ ಆರುನೂರು ಓಮ್. ನಲವತ್ತೈದರ ಬಿಸಿನೀರಿನಲ್ಲಿ ನಾಲ್ಕು ಸಾವಿರದ ನಾನೂರು. ಐದು ಸಲ ಅದ್ದಿ ಐದು ಸಲವೂ ಬರೆದೆ. ಆಮೇಲೆ ಚಿತ್ರದ ಹಾಳೆಯನ್ನು ಮೊದಲ ಬಾರಿ ಓದಿದೆ. ತಂತಿ ಎಲ್ಲಿಂದ ಎಲ್ಲಿಗೆ ಎಂದು ನೋಡುವುದು ಬೇರೆ, ಹೀಗೇಕೆ ಎಂದು ಕೇಳುತ್ತ ಓದುವುದು ಬೇರೆ. ಅಪ್ಪ ಮಣಿಯನ್ನು ಮೇಲೆ ಬರೆದಿದ್ದರು, ಅದರ ಜೋಡಿಯ ಪ್ರತಿರೋಧಕವನ್ನು ಕೆಳಗೆ, ಎರಡರ ನಡುವಿನಿಂದ ಪ್ಲಸ್ ಕಿವಿಗೆ ತಂತಿ. ಬಿಸಿಯಾದರೆ ಮಣಿಯ ಪ್ರತಿರೋಧ ಇಳಿಯುತ್ತದೆ. ಆಗ ನಡುವಿನ ವೋಲ್ಟೇಜು ಏರುತ್ತದೆ. ಏರಿದರೆ ಬಲ್ಬು ಹತ್ತುತ್ತದೆ. ಬಿಸಿಯಾದಷ್ಟೂ ಉರಿ. ತಪ್ಪು ಚಿತ್ರದಲ್ಲೇ ಇತ್ತು.

ಇದನ್ನು ಹೇಳುವುದು ಹೇಗೆ ಎಂದು ಚೋಕ್ಡಿಯ ಬಳಿ ಇಪ್ಪತ್ತು ನಿಮಿಷ ನಿಂತಿದ್ದೆ. ಅಪ್ಪನ ಚಿತ್ರ ತಪ್ಪು ಎಂದು ಆ ಮನೆಯಲ್ಲಿ ಯಾರೂ ಅಂದದ್ದಿಲ್ಲ. ಕೊನೆಗೆ ಹೇಳಲಿಲ್ಲ, ಎರಡು ಲೋಟ, ಮೀಟರು, ಪುಸ್ತಕ ಮೂರನ್ನೂ ಅವರ ಮುಂದೆ ಇಟ್ಟೆ. ಅವರು ಹತ್ತು ಅಂಕಿಗಳನ್ನೂ ಓದಿದರು. ಮಣಿಯನ್ನು ಬಿಸಿನೀರಿಗೆ ತಾವೇ ಒಮ್ಮೆ ಅದ್ದಿದರು. ಮೀಟರಿನ ಅಂಕಿ ಇಳಿಯುವುದನ್ನು ನೋಡುತ್ತ ಕುರ್ಚಿಯಲ್ಲಿ ಹಿಂದಕ್ಕೊರಗಿದರು.

"ಪ್ಲಾಟಿನಂ ಅಂದ್ಕೊಂಡು ಬರೆದುಬಿಟ್ಟಿದೀನಿ."

ಆಫೀಸಿನಲ್ಲಿ ಅವರು ಬಳಸುತ್ತಿದ್ದದ್ದು ಪ್ಲಾಟಿನಂ ತಂತಿ. ಅದರ ಪ್ರತಿರೋಧ ಬಿಸಿಯಾದರೆ ಏರುತ್ತದೆ. ಹದಿನೈದು ವರ್ಷ ಅದಕ್ಕೆ ಚಿತ್ರ ಬರೆದ ಕೈ, ಪೇಟೆಯ ಮಣಿಗೂ ಅದೇ ಚಿತ್ರವನ್ನು ಬರೆದಿತ್ತು. ಉಪಗ್ರಹಕ್ಕೆ ಸರಿಯಾದದ್ದು ಇಡ್ಲಿಗೆ ತಲೆಕೆಳಗಾಯಿತು. ಅಪ್ಪ ಎದ್ದು, ಕಬೋರ್ಡಿನ ಮೇಲಿನ ಐರನ್ ಇಳಿಸಿ, ನನ್ನ ಕೈಗೆ ಕೊಟ್ಟರು.

"ಮೇಲಿಂದು ಕೆಳಗೆ, ಕೆಳಗಿಂದು ಮೇಲೆ. ನಾಲ್ಕು ಬೆಸುಗೆ. ಹಾಕು."

ಹಾಕಿದೆ. ಬಲ್ಬು ತಾನಾಗಿ ಹತ್ತಿತು. ಮೂವತ್ತು ಮುಟ್ಟಿತು, ತಾನಾಗಿ ಆರಿತು. ಆರಿದ್ದೇ ತಡ ಹತ್ತಿತು, ಆರಿತು, ಹತ್ತಿತು. ಬಲ್ಬನ್ನು ಹತ್ತಿಸಿ ಆರಿಸುವ ರಿಲೇ ಕಟಕಟ ಕಟಕಟ ಹೊಡೆದುಕೊಳ್ಳತೊಡಗಿತು. ನಾನು ಗಡಿಯಾರ ಹಿಡಿದು ಎಣಿಸಿದೆ: ಒಂದು ನಿಮಿಷಕ್ಕೆ ಐವತ್ತೇಳು.

"ಅದಕ್ಯಾಕೆ ಹಲ್ಲು ಕಡೀತಿದೆ? ಚಳಿಯಾ?" ಎಂದು ಅಜ್ಜಿ.

ಮೂವತ್ತರ ಗೆರೆಯ ಮೇಲೆ ನಿಂತು ಅತ್ತ ಇತ್ತ ಕೂದಲೆಳೆಯಷ್ಟು ಅಲುಗಾಡಿದರೂ ಆಪ್-ಆಂಪ್ ತೀರ್ಮಾನ ಬದಲಿಸುತ್ತಿತ್ತು. ಅಪ್ಪ ಡಬ್ಬಿಯಿಂದ ಹತ್ತು ಲಕ್ಷ ಓಮಿನ ಒಂದು ಪ್ರತಿರೋಧಕ ಹುಡುಕಿ ತೆಗೆದರು. ಅದನ್ನು ಆಪ್-ಆಂಪಿನ ಬಾಯಿಂದ, ಅಂದರೆ ತೀರ್ಮಾನ ಹೊರಬರುವ ಕಾಲಿನಿಂದ, ಅದರ ಪ್ಲಸ್ ಕಿವಿಗೆ ಹಾಕಲು ಹೇಳಿದರು. ನನ್ನ ಕೈ ನಿಂತಿತು. ಈ ಸಲ ನಾನು ಕೇಳಿದೆ.

"ಬಾಯಿಂದ ಪ್ಲಸ್‌ಗೆ ಅಂದ್ರೆ ಪಾಸಿಟಿವ್ ಅಲ್ವಾ ಅಪ್ಪ? ಹಿಟ್ಟು ಬೇಯಿಸಿದ್ದು ಅದೇ ತಾನೆ?"

ಅಪ್ಪ ನನ್ನನ್ನೇ ನೋಡಿದರು. ಯಾರೋ ಹೊಸಬರು ಆ ಸ್ಟೂಲಿನಲ್ಲಿ ಕೂತಿದ್ದಾರೇನೋ ಎನ್ನುವ ಹಾಗೆ.

"ಅದೇ. ಆದ್ರೆ ಇದು ಚಿಟಿಕೆಯಷ್ಟು. ಹತ್ತಿದ ಮೇಲೆ ಅರ್ಧ ಡಿಗ್ರಿ ದಾಟೋ ತನಕ ಮನಸ್ಸು ಬದಲಾಯಿಸಬಾರದು, ಆರಿದ ಮೇಲೂ ಅಷ್ಟೇ. ಸ್ವಲ್ಪ ಹಠ ಇರಬೇಕು. ನಿಮ್ಮಮ್ಮನ ಹಾಗೆ."

"ಆ ಹಠ ಇಲ್ಲದಿದ್ರೆ ಹಿಟ್ಟಿಗೆ ಎಂದೋ ಸೋಡಾ ಬೀಳ್ತಿತ್ತು," ಎಂದಳು ಅಮ್ಮ, ಬೇಳೆ ತೊಳೆಯುತ್ತ.

ಕಟಕಟ ನಿಂತಿತು. ಮುಂದಿನ ಒಂದು ಗಂಟೆಯಲ್ಲಿ ರಿಲೇ ಹನ್ನೊಂದು ಸಲ ಮಾತ್ರ ಸದ್ದು ಮಾಡಿತು. ಹನ್ನೊಂದನ್ನೂ ಸಮಯದ ಸಮೇತ ಬರೆದಿದ್ದೇನೆ. ಹಬ್ಬದ ಹಿಂದಿನ ಸಂಜೆ ಅಮ್ಮ ದೊಡ್ಡ ಪಾತ್ರೆ ತುಂಬ ಹಿಟ್ಟಿಟ್ಟಳು. ಬೆಳಿಗ್ಗೆ ಮುಚ್ಚಳ ತೆಗೆದಾಗ ಹಿಟ್ಟು ಪಾತ್ರೆಯ ಕಂಠ ದಾಟಿ, ಹೊರಗೆ ಇಳಿದು, ಪೆಟ್ಟಿಗೆಯ ತಳದಲ್ಲಿ ಅಂಗೈಯಗಲ ಹರಡಿತ್ತು. ಅಮ್ಮ ಬೆರಳಲ್ಲಿ ಒಂದು ಗುಳ್ಳೆ ಒಡೆದು, ಮೂಸಿ, ಅಜ್ಜಿಯ ಮೂಗಿನ ಹತ್ತಿರ ಹಿಡಿದಳು. ಅಜ್ಜಿ ಕಣ್ಣು ಮುಚ್ಚಿ, "ಊರಿನ ವಾಸನೆ ಬಂತು ನೋಡು" ಎಂದರು. ಅವತ್ತು ಇಡ್ಲಿ ನೂರಾ ನಾಲ್ಕು.

ತಾರಸಿಯ ಮೇಲೆ ಗದ್ದಲ. ನಾಲ್ಕೂ ದಿಕ್ಕಿನಿಂದ, ಬೇರೆಯವರ ಪಟ ಕತ್ತರಿಸಿದವರ "ಲಪೇಟ್, ಲಪೇಟ್" ಕೂಗು, ಸ್ಪೀಕರು, ಊಂಧಿಯು ಎನ್ನುವ ತರಕಾರಿ ಪಲ್ಯದ ಬಿಸಿ ಪಾತ್ರೆ, ಎಲ್ಲರ ಬೆರಳಿಗೂ ದಾರ ಕುಯ್ಯದಂತೆ ಪಟ್ಟಿ. ಹರ್ಷದ್‌ಭಾಯಿ ಒಂದು ಇಡ್ಲಿ ಎತ್ತಿ ಹಿಂದಿನ ವರ್ಷದ ಹಾಗೆ ತೂಗಿ ನೋಡಿದರು. ಒತ್ತಿದರು, ಅದು ಮತ್ತೆ ಎದ್ದಿತು. ತಿಂದರು, ಇನ್ನೊಂದು ತಿಂದರು, ಮೂರನೆಯದನ್ನು ತಟ್ಟೆಗೆ ಹಾಕಿಕೊಂಡು ಅಪ್ಪನ ಬಳಿ ಬಂದರು. ಕೋಕಿಲಾಬೇನ್ ಅಷ್ಟರಲ್ಲಿ ಪೆಟ್ಟಿಗೆಯ ಸುದ್ದಿಯನ್ನು ಅರ್ಧ ಕಟ್ಟಡಕ್ಕೆ ಮುಟ್ಟಿಸಿದ್ದರು.

"ಸಾಹೇಬ್, ಉಪಗ್ರಹ ಮಾಡೋ ಕೈ ಅಂದ್ರೆ ಸುಮ್ನೇನಾ. ಇಡ್ಲಿಗೂ ಅದೇ ತಲೆ."

ಅಪ್ಪನ ಸಹೋದ್ಯೋಗಿಗಳೂ ಇಬ್ಬರು ಅಲ್ಲಿದ್ದರು. ಅಪ್ಪ ಸುಮ್ಮನೆ ನಕ್ಕುಬಿಟ್ಟಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ನಾನು ತಟ್ಟೆಗಳ ಹಿಂದೆ ನಿಂತು ಎಷ್ಟು ಇಡ್ಲಿ ಉಳಿದಿವೆ ಎಂದು ಎಣಿಸುತ್ತಿದ್ದೆ.

"ನನ್ನ ಚಿತ್ರ ತಪ್ಪಿತ್ತು," ಎಂದರು ಅಪ್ಪ ಹಿಂದಿಯಲ್ಲಿ, ಎಲ್ಲರಿಗೂ ತಿಳಿಯುವ ಹಾಗೆ. "ಮಣಿನ ಪ್ಲಾಟಿನಂ ಅಂತ ಬರೆದಿದ್ದೆ. ತಪ್ಪನ್ನ ಇವಳ ತಂತಿ ಮೇಲೆ ಹಾಕಿದೆ. ಇವಳು ಎರಡು ಲೋಟ ನೀರಿಟ್ಟು ನನಗೆ ತೋರಿಸಿಕೊಟ್ಟಳು."

ಸಹೋದ್ಯೋಗಿಗಳಲ್ಲೊಬ್ಬರು ಮಣಿ ಮೇಲಿತ್ತೋ ಕೆಳಗಿತ್ತೋ ಎಂದು ಕೇಳಿದರು. ಅಪ್ಪನನ್ನಲ್ಲ, ನನ್ನನ್ನು. ಮೇಲೆ ಎಂದೆ. ಅವರು ಅಪ್ಪನ ಕಡೆ ನೋಡಿ ಹುಬ್ಬೇರಿಸಿದರು. ಅಪ್ಪ ಹೌದೆಂದು ಕಿವಿ ಮುಟ್ಟಿಕೊಂಡರು. ಎಣಿಕೆ ತಪ್ಪಿ ನಾನು ಮತ್ತೆ ಒಂದರಿಂದ ಶುರು ಮಾಡಬೇಕಾಯಿತು. ಆ ಪುಸ್ತಕದ ಹಾಳೆಗಳಲ್ಲಿ, ಒಳರಟ್ಟು ಬಿಟ್ಟರೆ, ಅಂಕಿಯಿಲ್ಲದ ಸಾಲು ಇರುವುದು ಒಂದೇ, ಆ ದಿನದ್ದು: ಅಪ್ಪ ಎಲ್ಲರ ಮುಂದೆ ಹೇಳಿದರು.

ಮುಂದಿನ ಭಾನುವಾರ ಕೋಕಿಲಾಬೇನ್ ತಮ್ಮ ಮನೆಯ ಥರ್ಮೋಕೋಲ್ ಪೆಟ್ಟಿಗೆ ಹಿಡಿದು ಬಂದರು, ಢೋಕ್ಲಾ ಹಿಟ್ಟಿಗೂ ಒಂದು ಬೇಕೆಂದು. ಅಪ್ಪ ಮೇಜಿನ ಮೇಲೆ ಬಿಳಿ ಹಾಳೆಯೊಂದನ್ನು ಹಾಸಿ, ಪೆನ್ಸಿಲ್ಲನ್ನು ನನ್ನ ಕಡೆಗೆ ಉರುಳಿಸಿ, ತಾವು ಐರನ್ ಕಾಯಲು ಹಾಕಿದರು. ನಾನು ಬರೆದೆ. ಎರಡು ಕಡೆ ಅಳಿಸಿದೆ, ಮತ್ತೆ ಬರೆದೆ. ಅಪ್ಪ ಕಾದರು. ಆಮೇಲೆ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು, ತಂತಿಯ ಸಿಪ್ಪೆ ಸುಲಿಯುತ್ತ, ಒಂದು ಕಡೆ ಬೆರಳಿಟ್ಟರು.

"ಮಣಿನ ಕೆಳಗೆ ಯಾಕೆ ಹಾಕಿದೀಯ?"

"ಬಿಸಿಯಾದ್ರೆ ಅದರ ಪ್ರತಿರೋಧ ಇಳಿಯುತ್ತೆ. ಕೆಳಗಿದ್ರೆ ವೋಲ್ಟೇಜೂ ಇಳಿಯುತ್ತೆ, ಬಲ್ಬು ಆರುತ್ತೆ."

"ಈ ಹತ್ತು ಲಕ್ಷ?"

"ಹಠಕ್ಕೆ."

ಅಪ್ಪ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು, ಅದರಲ್ಲಿ ಇದ್ದ ಹಾಗೇ ಮೊದಲ ತಂತಿ ಹಾಕಿದರು.